ಐದು ಗುಂಟೆ

ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸುವ ಹೊತ್ತಿಗೆ ರಜನೀಶ ತಾನು ಹೇಳಬೇಕಾದ ಮಾತನ್ನು ಸಾಕಷ್ಟು ಚಿಕ್ಕದು ಮಾಡಿಕೊಂಡಿದ್ದ. ಹಾಸನದಲ್ಲಿ ಹತ್ತುವಾಗ ಅದು ಉದ್ದವಿತ್ತು. ಅದರಲ್ಲಿ ಕಾಲೇಜಿನ ವಿಭಾಗದ ಮುಖ್ಯಸ್ಥರಿದ್ದರು, ಕೆಟ್ಟು ಕೂತ ಪ್ರಿಂಟರ್ ಇತ್ತು, ಕೃಷಿ ಓದಲು ಬಂದ ಮಕ್ಕಳಿಗೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಹೇಳಿಕೊಡುವುದು ಎಂಥ ಪಾಡು ಎಂಬ ವಿವರಣೆಯಿತ್ತು. ದಾರಿಯುದ್ದಕ್ಕೂ ಒಂದೊಂದನ್ನೇ ಕಿತ್ತುಹಾಕುತ್ತ ಬಂದ. ಕೊನೆಗೆ ಉಳಿದದ್ದು ಇಷ್ಟು: ಬಿಂದುಶ್ರೀ ನನ್ನನ್ನು ಕೇಳಿದ್ದಳು, ನಾನು ಹೂಂ ಅಂದುಬಿಟ್ಟೆ. ಹಳೇಕೋಟೆಯ ಅವಳ ಮನೆಯಲ್ಲಿ, ಅವಳ ಅಪ್ಪನ ಮುಂದೆ, ಇಷ್ಟು ಹೇಳಿದರೆ ಬಂದ ಕೆಲಸ ಮುಗಿಯುತ್ತಿತ್ತು. ಇಷ್ಟು ಚಿಕ್ಕ ಮಾತಿಗೆ ಒಂದು ಭಾನುವಾರ ಬೇಕೇ ಎಂದು ಅವನಿಗೇ ನಗು ಬಂತು. ನಗು ಬಂದದ್ದಕ್ಕೆ ನಾಚಿಕೆಯಾಯಿತು. ಬೆಳಿಗ್ಗೆ ಹೆಂಡತಿ ಯಶಸ್ವಿನಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಕೈಗೆ ಕೊಟ್ಟು, “ಸ್ಟೂಡೆಂಟ್ ಮನೆಯವರು ಊಟಕ್ಕೆ ಕರೀತಾರೆ ಅಂದ್ರೆ ಸುಮ್ನೇನಾ? ಕಾಲೇಜಲ್ಲಿ ಯಾರೂ ಮರ್ಯಾದೆ ಕೊಡಲ್ಲ ಅಂತ ಗೊಣಗ್ತಿರ್ತೀರಲ್ಲ,” ಅಂದಿದ್ದಳು. ಯಾಕೆ ಹೋಗುತ್ತಿದ್ದೇನೆಂದು ಅವಳಿಗೂ ಹೇಳಿರಲಿಲ್ಲ. ಅಂಗಿಯ ಕಾಲರು ಕುತ್ತಿಗೆಗೆ ಒತ್ತುತ್ತಿತ್ತು.

ಮರ್ಯಾದೆಯ ವಿಷಯ ಯಶಸ್ವಿನಿ ಹೇಳಿದ್ದು ಸುಳ್ಳಲ್ಲ. ಮಣ್ಣು, ಬೀಜ, ಕೀಟ ಎಂದು ಪಾಠ ಮಾಡುವವರೆಲ್ಲ ಆ ಕಾಲೇಜಿನಲ್ಲಿ ಪ್ರೊಫೆಸರುಗಳು. ರಜನೀಶ ಮಾತ್ರ ‘ಕಂಪ್ಯೂಟರ್‌ನವನು’. ವರ್ಷವರ್ಷಕ್ಕೂ ಗುತ್ತಿಗೆ ಮುಂದುವರಿಯಬೇಕು. ಯಾರದೋ ಮೌಸು ಕೆಟ್ಟರೆ ಅವನಿಗೆ ಕರೆ, ವೈಫೈ ಬರದಿದ್ದರೆ ಅವನ ಕಡೆ ನೋಟ. ಲ್ಯಾಬಿನಲ್ಲಿ ಅರ್ಧಕ್ಕರ್ಧ ಕಂಪ್ಯೂಟರುಗಳು ಶುರುವೇ ಆಗುತ್ತಿರಲಿಲ್ಲ. ಅದಕ್ಕೆ ಮಕ್ಕಳ ಫೋನಿಗೇ ಪ್ರೋಗ್ರಾಂ ಬರೆಯುವ ಪೈಥಾನ್ ಹಾಕಿಸಿದ್ದ. ಪುಸ್ತಕದಲ್ಲಿದ್ದ ಉದಾಹರಣೆಗಳು ಬಡ್ಡಿಯದು, ಸರಾಸರಿ ಅಂಕದ್ದು. ಹಿಂದಿನ ಬೆಂಚಿನವರು ಬಾಯಿ ತೆರೆದೇ ಆಕಳಿಸುತ್ತಿದ್ದರು. ಒಂದು ದಿನ ಅವನಿಗೇ ಹೊಳೆಯಿತು, ಹೊಲದ ಲೆಕ್ಕವನ್ನೇ ಯಾಕೆ ಕೊಡಬಾರದು? ಗದ್ದೆ ಎಷ್ಟು ಎಕರೆ ಎಂದು ಒತ್ತಿದರೆ ಕಳೆ ಔಷಧಿ ಎಷ್ಟು ಮುಚ್ಚಳ ಹಾಕಬೇಕೆಂದು ಹೇಳುವ ಪ್ರೋಗ್ರಾಂ. ಮಿಲಿಲೀಟರಲ್ಲ, ಮುಚ್ಚಳ, ಹಳ್ಳಿಯಲ್ಲಿ ಯಾರೂ ಬಾಟಲಿಯ ಮುಚ್ಚಳ ಬಿಟ್ಟು ಬೇರೆ ಅಳತೆ ಹಿಡಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅದನ್ನು ಬೋರ್ಡಿನ ಮೇಲೆ ಬರೆದಾಗ ಆ ವರ್ಷ ಮೊದಲ ಸಲ ಹಿಂದಿನ ಬೆಂಚು ಮುಂದಕ್ಕೆ ಬಾಗಿತು. ಅವತ್ತು ಮನೆಗೆ ಬಂದು ಆ ಮುಚ್ಚಳದ ವಿಷಯವನ್ನು ಯಶಸ್ವಿನಿಗೆ ಎರಡೆರಡು ಸಲ ಹೇಳಿದ್ದ.

ಮನೆಗೆ ಬಂದು ಹೇಳದೆ ಉಳಿಸಿಕೊಂಡದ್ದು ಇನ್ನೊಂದು. ಪಾಠ ಮುಗಿಯುತ್ತ ಬಂದಾಗ ಎರಡನೇ ಸಾಲಿನಲ್ಲಿ ಬಿಂದುಶ್ರೀ ಎದ್ದು ನಿಂತಿದ್ದಳು. ಸಣ್ಣ ದನಿ, ಆದರೆ ಕೇಳಬೇಕಾದ್ದನ್ನು ಕೇಳದೆ ಕೂರುವ ಹುಡುಗಿಯಲ್ಲ. “ಸಾ, ನಮ್ದು ಭತ್ತದ ಸಸಿ ಒಟ್ಲು ಐತೆ, ಐದು ಗುಂಟೆ. ಸೊನ್ನೆ ಚುಕ್ಕಿ ಐದು ಅಂತ ಕೊಡಬೋದಾ?” ಅದೇ ಹೊತ್ತಿಗೆ ಬಾಗಿಲಲ್ಲಿ ಮುಖ್ಯಸ್ಥರು ಕಾಣಿಸಿದರು. ಒಳಗೆ ಬರಲಿಲ್ಲ. ಬೆರಳು ಮಡಿಸಿ ಕರೆದರು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ ಹೀಗೇ ಕರೆಯುವುದು. ಅರವತ್ತು ಮಕ್ಕಳ ಮುಂದೆ ಆ ಬೆರಳು. ರಜನೀಶನ ಕಿವಿ ಬಿಸಿಯಾಯಿತು. ಆ ಬಿಸಿ ಎಲ್ಲಾದರೂ ಹೋಗಬೇಕಿತ್ತು, ಬಿಂದುಶ್ರೀಯ ಮೇಲೆ ಹೋಯಿತು. “ಗುಂಟೆ ಗಿಂಟೆ ಎಲ್ಲಾ ನಿಮ್ಮೂರ ಶಾನುಭೋಗರನ್ನ ಕೇಳಮ್ಮ, ಇದು ಕಂಪ್ಯೂಟರ್ ಕ್ಲಾಸು,” ಅಂದ. ಕ್ಲಾಸು ಘೊಳ್ಳೆಂದಿತು. ಅವಳು ಕೂರಲಿಲ್ಲ. “ಅಲ್ಲ ಸಾ, ಅಂಗೆ ಕೊಡಬೋದಾ ಅಂತ.” ಅವನು ಆಗಲೇ ಡಸ್ಟರ್ ಎತ್ತಿಕೊಂಡು ಬಾಗಿಲ ಕಡೆ ತಿರುಗಿದ್ದ. “ಹೂಂ, ಕೊಡು ಕೊಡು, ಏನಾಗಲ್ಲ.” ಆಮೇಲೆ ಪ್ರಿಂಟರಿನ ಹೊಟ್ಟೆಯಿಂದ ಹರಿದ ಕಾಗದದ ತುಂಡು ತೆಗೆದ, ಬೆರಳಿಗೆ ಮಸಿ ಹತ್ತಿತು, ಮುಖ್ಯಸ್ಥರು ಥ್ಯಾಂಕ್ಸ್ ಅನ್ನಲಿಲ್ಲ.

ಗುಂಟೆ ಅವನಿಗೆ ಗೊತ್ತಿರಲಿಲ್ಲವೆಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅರಕಲಗೂಡಿನಲ್ಲಿ ಅಪ್ಪ ಈಶ್ವರಯ್ಯ ಅಂಗಡಿಯ ಜೊತೆಗೆ ಒಂದು ಚೂರು ತೆಂಗಿನ ತೋಟ ಇಟ್ಟುಕೊಂಡಿದ್ದರು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಮಗನಿಂದ ಪಹಣಿ ಓದಿಸುತ್ತಿದ್ದರು. ಒಂದು, ಚುಕ್ಕಿ, ಹತ್ತು ಎಂದು ಓದಿದರೆ ತಲೆಗೆ ಮೆಲ್ಲಗೆ ಮೊಟಕುತ್ತಿದ್ದರು. “ಚುಕ್ಕಿ ಅಲ್ವೋ ಅದು, ಬೇಲಿ. ಈ ಕಡೆ ಎಕರೆ, ಆ ಕಡೆ ಗುಂಟೆ. ನಲವತ್ತು ಗುಂಟೆ ಆಗೋವರ್ಗೂ ಆ ಕಡೇದು ಈ ಕಡೆ ಬರಂಗಿಲ್ಲ.” ಕಂಪ್ಯೂಟರಿಗೆ ಆ ಬೇಲಿ ಕಾಣುವುದಿಲ್ಲ. ಸೊನ್ನೆ ಚುಕ್ಕಿ ಐದು ಅಂದರೆ ಅದಕ್ಕೆ ಅರ್ಧ ಎಕರೆ. ಐದು ಗುಂಟೆಯ ಎಳೆ ಸಸಿಯ ಮೇಲೆ ಅರ್ಧ ಎಕರೆಯ ಔಷಧಿ, ಹಾಕಬೇಕಾದ್ದರ ನಾಲ್ಕು ಪಟ್ಟು. ಹೂಂ ಅನ್ನುವಾಗ ಅವನು ಇದನ್ನು ಮರೆತಿದ್ದನೇ? ಇಲ್ಲ. ಯೋಚಿಸಿರಲಿಲ್ಲ, ಅಷ್ಟೇ. ಯೋಚಿಸುವಷ್ಟು ಬೆಲೆಯ ಪ್ರಶ್ನೆ ಅದು ಎಂದು ಅನ್ನಿಸಿರಲಿಲ್ಲ. ಬಸ್ಸು ಕಾಲುವೆಯ ಪಕ್ಕಕ್ಕೆ ಹೊರಳಿತು. ಹೇಮಾವತಿಯ ನೀರು ಬಿಟ್ಟಿದ್ದರು, ಎರಡೂ ಕಡೆ ಗದ್ದೆಗಳು ಕೆಸರಾಗಿ ನಾಟಿಗೆ ಕಾದಿದ್ದವು, ಎಲ್ಲರ ಒಟ್ಲುಗಳೂ ಹಸಿರಾಗಿದ್ದವು. ಅವನು ಆ ಕಡೆ ನೋಡದೆ ಮುಂದಿನ ಸೀಟಿನ ಕಂಬಿ ನೋಡುತ್ತ ಕೂತ.

ಬುಧವಾರ ಅವಳು ಕ್ಲಾಸು ಮುಗಿದ ಮೇಲೆ ಬಂದು ನಿಂತದ್ದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. “ಸಾ, ಒಟ್ಲು ಸುಟ್ಟೋಯ್ತು.” ದೂರುವ ದನಿಯಲ್ಲ. ಫೋನು ಮುಂದೆ ಹಿಡಿದು, “ಯಾವ ಲೈನಲ್ಲಿ ತಪ್ಪಾಗೈತೆ ಸಾ? ನಾನೂ ನೋಡ್ದೆ, ಗೊತ್ತಾಗ್ಲಿಲ್ಲ,” ಅಂದಳು. ಒಂದು ಸಲ ಕಣ್ಣು ಹಾಯಿಸಿದ್ದೇ ಅವನಿಗೆ ಎಲ್ಲ ಗೊತ್ತಾಗಿಹೋಯಿತು. ಗೊತ್ತಾದ ಮೇಲೂ ಹುಬ್ಬು ಗಂಟಿಕ್ಕಿ, ಪರದೆಯನ್ನು ಮೇಲೆ ಕೆಳಗೆ ಸರಿಸಿ, “ನೋಡಿ ಹೇಳ್ತೀನಿ, ಕೆಲವು ಸಲ ಹೀಗಾಗುತ್ತೆ,” ಅಂದ. ಈ ನಾಟಕಕ್ಕೆ ಆದ ನಾಚಿಕೆ ಆ ಹೂಂಗೆ ಆದದ್ದಕ್ಕಿಂತ ಹೆಚ್ಚು. ಅವಳು ನಿಧಾನವಾಗಿ ಮಿಕ್ಕದ್ದು ಹೇಳಿದಳು. ಔಷಧಿ ಜಾಸ್ತಿಯಾಯ್ತಲ್ಲವ್ವ ಎಂದು ಅಪ್ಪ ಕ್ಯಾನು ಕೆಳಗಿಟ್ಟಿದ್ದರಂತೆ. ನಮ್ಮ ಸಾ ಮಾಡಿರೋದು, ಸರಿಯಾಗೇ ಇರ್ತದೆ ಎಂದು ಇವಳೇ ಹಟ ಹಿಡಿದು ಹೊಡೆಸಿದಳಂತೆ. ಮನೆಯಲ್ಲಿ ಬೇಸಾಯದ ವಿಷಯಕ್ಕೆ ಅವಳ ಮಾತು ಕೇಳಿದ್ದು ಅದೇ ಮೊದಲು. “ಈಗ ಗದ್ದೆ ಕಡೆ ತಲೆ ಆಕಬ್ಯಾಡ ಅಂದವ್ರೆ ಸಾ. ನಾನು ಓದಿದ ಮೇಲೆ ಗದ್ದೇನೇ ನೋಡ್ಕಳಣ ಅಂತಿದ್ದೆ.” ಆಗ ಅವನ ಬಾಯಿಂದ ತಾನಾಗೇ ಬಂತು, ಭಾನುವಾರ ನಾನೇ ಬಂದು ನಿಮ್ಮಪ್ಪನ ಹತ್ರ ಮಾತಾಡ್ತೀನಿ. ಅವಳ ಮುಖ ಬಿಚ್ಚಿಕೊಂಡಿತು.

ಹಳೇಕೋಟೆಯಲ್ಲಿ ಇಳಿಯುವ ಮೊದಲೇ ಬಿಂದುಶ್ರೀಯ ಅಪ್ಪ ಕೃಷ್ಣಪ್ಪ ಮೊಪೆಡ್ ನಿಲ್ಲಿಸಿಕೊಂಡು ಕಾದಿದ್ದ. ಒಗೆದ ಪಂಚೆ, ತೋಳಿಲ್ಲದ ಬನಿಯನ್ನಿನ ಮೇಲೆ ಟವೆಲು, ಮುಖದ ತುಂಬ ಸಂಕೋಚ. “ಬನ್ನಿ ಸಾ, ಬನ್ನಿ. ತಪ್ಪು ಮಾಡಿದೋಳು ನಮ್ಮುಡ್ಗಿ, ಬಿಸ್ಲಲ್ಲಿ ತಿರ್ಗೋದು ನೀವು.” ಈಗಲೇ ಹೇಳಿಬಿಡೋಣ ಎಂದು ರಜನೀಶ ಬಾಯಿ ತೆರೆದ; ಮೊಪೆಡ್ ಸ್ಟಾರ್ಟಾಯಿತು. ಹಿಂದೆ ಕೂತು ಹೋಗುವಾಗ ಕೃಷ್ಣಪ್ಪ ತಲೆ ಹೊರಳಿಸಿ ಗಾಳಿಯಲ್ಲೇ ಮಾತಾಡಿದ. “ಅವ್ಳು ಗಾಬ್ರಿಗೆ ಏನೇನೋ ಬಾಯಿಗೆ ಬಂದಂಗೆ ಅಂತಾವ್ಳೆ ಸಾ. ಅದೆಲ್ಲ ನಿಮ್ಮ ಕಿವಿಗೆ ಬ್ಯಾಡ.” ಏನು ಅಂತಾಳೆ ಎಂದು ಕೇಳಬೇಕಿತ್ತು. ಕೇಳುವುದಕ್ಕೆ ಧೈರ್ಯ ಬರಲಿಲ್ಲ. ಕೃಷ್ಣಪ್ಪನ ಭುಜ ಹಿಡಿದುಕೊಳ್ಳಬೇಕೋ ಸೀಟಿನ ಕಂಬಿ ಹಿಡಿದುಕೊಳ್ಳಬೇಕೋ ತಿಳಿಯದೆ ಎರಡನ್ನೂ ಹಿಡಿಯದೆ ಕೂತಿದ್ದ.

ಮನೆಗೆ ಮೊದಲೇ ಒಟ್ಲು ಸಿಕ್ಕಿತು. ಕೃಷ್ಣಪ್ಪ ನಿಲ್ಲಿಸಲಿಲ್ಲ, ರಜನೀಶನೇ ನಿಲ್ಲಿಸಿ ಅಂದ. ಬದುವಿನ ಮೇಲೆ ನಿಂತು ನೋಡಿದ. ಸಸಿಗಳು ಎದ್ದು ನಿಂತೇ ಸತ್ತಿದ್ದವು. ಹಳದಿಯೂ ಅಲ್ಲದ ಕಂದೂ ಅಲ್ಲದ ಬಣ್ಣ, ತುದಿ ಮುಟ್ಟಿದರೆ ಪುಡಿ. ಕಳೆಯೂ ಒಂದಿರಲಿಲ್ಲ, ಅಷ್ಟರ ಮಟ್ಟಿಗೆ ಪ್ರೋಗ್ರಾಂ ಕೆಲಸ ಮಾಡಿತ್ತು ಎಂಬ ಕೆಟ್ಟ ಯೋಚನೆ ಅವನ ತಲೆಯಲ್ಲಿ ಹಾದುಹೋಯಿತು. ಇಂಥ ಹೊತ್ತಲ್ಲೂ ಇಂಥದ್ದು ಹೊಳೆಯುತ್ತದಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. “ನಾಟಿಗೆ ಏನು ಮಾಡ್ತೀರಿ?” ಎಂದು ಕೇಳಿದ. ಕೃಷ್ಣಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. “ಕುಮಾರ ಅಂತ ನಮ್ಮ ದಾಯಾದಿ ಸಾ. ಬದು ಜಗಳ ಆಗಿ ಮಾತು ಬಿಟ್ಟು ಸುಮಾರು ವರ್ಸ ಆಗಿತ್ತು. ಅವ್ನ ಒಟ್ಲಲ್ಲಿ ಮಿಕ್ಕೈತೆ. ನೆನ್ನೆ ಓಗಿ ಕೇಳ್ದೆ. ಕೊಡ್ತೀನಿ ಅಂದವ್ನೆ.” ಟವೆಲು ಹೆಗಲಿಗೆ ಹಾಕಿಕೊಂಡು, “ಕೊಡದೇ ಇದ್ದಿದ್ರೆ ಚೆನ್ನಾಗಿತ್ತು. ನಗ್ತಾ ಕೊಡ್ತೀನಿ ಅಂದ,” ಅಂದ. ರಜನೀಶನಿಗೆ ಆ ನಗು ಕೇಳಿಸಿದಂತಾಯಿತು. ಈಗ ಹೇಳಬೇಕು. ಇಲ್ಲ, ಇಲ್ಲಿ ಬೇಡ, ಮಗಳಿರುವಾಗ ಹೇಳಿದರೇ ಸರಿ, ಅವಳಿಗೂ ಕೇಳಿಸಬೇಕು. ಕಾರಣ ನ್ಯಾಯವಾದದ್ದೇ ಆಗಿತ್ತು. ಅವನಿಗೆ ಬೇಕೆಂದಾಗ ನ್ಯಾಯವಾದ ಕಾರಣ ಯಾವಾಗಲೂ ಸಿಗುತ್ತದೆ.

ಮನೆಯಲ್ಲಿ ಅಜ್ಜಿ ನಂಜಮ್ಮ ಕಾಲಿಗೆ ನೀರು ಕೊಟ್ಟು, ಮೇಷ್ಟ್ರಿಗೆ ಹೊಸ ಚಾಪೆ ಹಾಸಿಸಿದರು. ಭಾನುವಾರವಾದರೂ ಅವತ್ತು ಕೋಳಿ ಕುಯ್ದಿರಲಿಲ್ಲ. “ನೀವು ತಿನ್ನಲ್ಲ ಅಂತ ಬಿಂದು ಅಂದ್ಲು. ಅದ್ಕೇ ಹೊಸ ಪಾತ್ರೇಲಿ ಬ್ಯಾರೆ ಮಾಡ್ಸಿವ್ನಿ, ಅನುಮಾನ ಬ್ಯಾಡ ಕಣಪ್ಪ.” ಬಾಳೆಲೆಯ ಮೇಲೆ ಹುರುಳಿಕಾಳು ಬಸ್ಸಾರು, ಅನ್ನ, ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಶಾವಿಗೆ ಪಾಯಸ. ಗಂಡಸರಿಬ್ಬರು ಕೂತರು, ಬಿಂದುಶ್ರೀ ಬಡಿಸಿದಳು. ಅವಳ ತಾಯಿ ಅಡುಗೆಮನೆ ಬಾಗಿಲ ಸಂದಿಯಿಂದ ಪಾತ್ರೆ ದಾಟಿಸುತ್ತಿದ್ದರು. ಪ್ರತಿ ಸಲ ಬಂದಾಗಲೂ ಹುಡುಗಿ ಅವನ ಕಡೆ ಒಂದು ಗಳಿಗೆ ನೋಡುತ್ತಿದ್ದಳು, ಇನ್ನೂ ಇಲ್ಲವಾ ಎಂಬ ಹಾಗೆ. ಅವನು ಎಲೆಯ ಕಡೆ ನೋಡುತ್ತಿದ್ದ. ತನಗಾಗಿ ಒಂದು ಮನೆಯವರೆಲ್ಲ ಭಾನುವಾರದ ಬಾಡೂಟ ಬಿಟ್ಟು ಕೂತಿದ್ದಾರೆ. ಬಸ್ಸಾರು ಬಲು ರುಚಿಯಾಗಿತ್ತು, ಅದು ಇನ್ನೊಂದು ಅವಮಾನ. ಅರಕಲಗೂಡಿನಲ್ಲಿ ಅಮ್ಮ ಮಾಡುತ್ತಿದ್ದ ಸಾರು ಹೀಗೇ ಇರುತ್ತಿತ್ತು. ಬೀದಿಯಲ್ಲಿ ಯಾರದೋ ಗಾಜು ಒಡೆದು ಬಂದ ದಿನ ಅವನು ಹೀಗೇ ತಲೆ ತಗ್ಗಿಸಿಕೊಂಡು ಎರಡು ಸಲ ಬಡಿಸಿಕೊಂಡು ಉಂಡಿದ್ದ.

ಪಾಯಸ ಬಂದಾಗ ಅವನು ಕೈ ಅಡ್ಡ ಹಿಡಿದ. “ಕೃಷ್ಣಪ್ಪನವರೇ, ಒಟ್ಲು ಸುಟ್ಟಿದ್ದಕ್ಕೆ ತಪ್ಪು ನನ್ನದು. ಬಿಂದುಶ್ರೀದಲ್ಲ.” ಹೇಳಿಯೇಬಿಟ್ಟೆನಲ್ಲ ಎಂದು ಬೆವರಿದ. ಬಿಂದುಶ್ರೀ ಪಾಯಸದ ಪಾತ್ರೆ ಹಿಡಿದು ಅಲ್ಲೇ ನಿಂತಳು. ಕೃಷ್ಣಪ್ಪ ತನ್ನ ತಾಯಿ ನಂಜಮ್ಮನ ಕಡೆ ತಿರುಗಿದ. “ನೋಡವ್ವ, ದೊಡ್ಡೋರು ಅಂದ್ರೆ ಇಂಗಿರ್ಬೇಕು. ಮಕ್ಕಳು ಮಾಡಿದ್ನ ತಮ್ಮ ಮೈ ಮ್ಯಾಲೆ ಆಕ್ಕಂಡು ಮಾತಾಡ್ತಾವ್ರೆ.” ನಂಜಮ್ಮ ಎರಡೂ ಕೈ ಜೋಡಿಸಿದರು. ಅಲ್ಲ ಅಲ್ಲ ಎಂದು ರಜನೀಶ ವಿವರಿಸಲು ಹೊರಟ. ಕಂಪ್ಯೂಟರು ಚುಕ್ಕಿಯನ್ನು ಹೇಗೆ ತಿಳಿಯುತ್ತದೆ, ಪಹಣಿಯಲ್ಲಿ ಚುಕ್ಕಿ ಎಂದರೇನು, ಸೊನ್ನೆ ಚುಕ್ಕಿ ಐದು ಹೇಗೆ ಅರ್ಧ ಎಕರೆಯಾಯಿತು. ಚೆನ್ನಾಗಿಯೇ ವಿವರಿಸಿದ, ಕ್ಲಾಸಿನಲ್ಲಿ ಎಂದೂ ಅಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಕೃಷ್ಣಪ್ಪನಿಗೆ ಪೂರಾ ಅರ್ಥವಾಯಿತು. ಅರ್ಥವಾದದ್ದೇ ಮಗಳ ಕಡೆ ತಿರುಗಿದ. “ಅಂದ್ರೆ ಐದು ಗುಂಟೇನ ಅರ್ಧ ಎಕರೆ ಅಂತ ಒತ್ತಿದ್ಯೇನವ್ವ? ಬೇಸಾಯಗಾರ್ರ ಮನೇಲಿ ಉಟ್ಟಿ ಗುಂಟೆ ತಿಳೀಲಿಲ್ವಾ ನಿಂಗೆ?”

ಇಲ್ಲಿ ಒಂದೇ ಮಾತು ಬೇಕಿತ್ತು. ದಾರಿಯುದ್ದಕ್ಕೂ ಚಿಕ್ಕದು ಮಾಡಿಕೊಂಡು ತಂದ ಅದೇ ಮಾತು. ಅವಳಿಗೆ ತಿಳಿದಿತ್ತು, ತಿಳಿದೇ ಕೇಳಿದ್ದಳು, ನಾನು ಅವಳನ್ನು ನೋಡಿ ಎಲ್ಲರೂ ನಗುವ ಹಾಗೆ ಮಾಡಿ ಹೂಂ ಅಂದೆ. ತಪ್ಪು ನನ್ನದು ಎಂದದ್ದು ಸುಲಭವಾಗಿತ್ತು, ಅದಕ್ಕೆ ಅವರು ಕೈ ಜೋಡಿಸಿದರು. ಈ ಮಾತಿಗೆ ಯಾರೂ ಕೈ ಜೋಡಿಸುವುದಿಲ್ಲ. ಇದನ್ನು ಹೇಳಿದರೆ ಹೊಸ ಚಾಪೆ, ಹೊಸ ಪಾತ್ರೆ, ಬಿಟ್ಟ ಕೋಳಿ ಎಲ್ಲವೂ ಮುಖಕ್ಕೆ ರಾಚುತ್ತವೆ. ಬಿಂದುಶ್ರೀ ಈಗ ನೆಟ್ಟಗೆ ಅವನನ್ನೇ ನೋಡುತ್ತಿದ್ದಳು. ರಜನೀಶ, “ಅವಳನ್ನ ಬೈಬೇಡಿ, ಯಾರಿಗಾದ್ರೂ ಆಗುತ್ತೆ,” ಅಂದ. “ಬೈಯಲ್ಲ ಸಾ, ನೀವೇ ಎಲ್ಡು ಮಾತು ಬುದ್ಧಿ ಯೋಳಿ. ನಮ್ಮ ಮಾತು ಎಲ್ಲಿ ಕೇಳ್ತಾಳೆ,” ಅಂದ ಕೃಷ್ಣಪ್ಪ. ನಂಜಮ್ಮನೂ, “ಯೋಳಪ್ಪ, ಯೋಳು,” ಅಂದರು. ಇಬ್ಬರೂ ಕಾದರು. ಬಾಗಿಲ ಸಂದಿಯಲ್ಲಿ ಹುಡುಗಿಯ ತಾಯಿಯೂ ಕಾದರು. ಕ್ಲಾಸಿನಲ್ಲಿ ಮಾತಾಡಿ ಮಾತಾಡಿ ಅಭ್ಯಾಸವಾದ ಬಾಯಿ. “ನೋಡಮ್ಮ, ಯಾವುದನ್ನೇ ಆಗಲಿ ಮಾಡೋಕೆ ಮುಂಚೆ ಒಂದು ಸಲ ಪರೀಕ್ಷೆ ಮಾಡಬೇಕು. ಕಂಪ್ಯೂಟರ್ ಹೇಳ್ತು ಅಂತ ಕಣ್ಣುಮುಚ್ಚಿ ನಂಬಬಾರ್ದು. ದೊಡ್ಡೋರು ಬೇಡ ಅಂದಾಗ ಕೇಳಬೇಕು.” ತನ್ನ ದನಿ ತನಗೇ ಕೇಳಿಸುತ್ತಿತ್ತು, ನಿಲ್ಲಿಸಲಾಗಲಿಲ್ಲ. “ಆಯ್ತು ಸಾ,” ಅಂದಳು ಬಿಂದುಶ್ರೀ. ಬಾಗಿ ಪಾಯಸ ಬಡಿಸಿದಳು. ಅವನು ಅದನ್ನು ಉಂಡ.

ಊಟವಾಗುತ್ತಲೇ ದಾಯಾದಿ ಕುಮಾರ ಬೀದಿಯಿಂದ ಕೂಗಿದ, ಸಸಿ ಕೀಳಲು ಆಳು ಬಂದಿದ್ದಾರೆ, ಈಗಲೇ ಬಾ ಎಂದು. ಬೇಡಿ ಪಡೆದ ಸಸಿ, ಕಾಯಿಸುವ ಹಾಗಿರಲಿಲ್ಲ. ಕೃಷ್ಣಪ್ಪ ನೂರು ಸಲ ಬೇಜಾರು ಮಾಡ್ಕಬೇಡಿ ಸಾ ಎಂದು ಹೇಳಿ ಗದ್ದೆಗೆ ಓಡಿದ. ಬಸ್ಸಿಗೆ ಬಿಡಲು ಬಿಂದುಶ್ರೀ ಬಂದಳು, ಕೈಯಲ್ಲಿ ಅಜ್ಜಿ ಕಟ್ಟಿಕೊಟ್ಟ ಬಾಳೆಹಣ್ಣಿನ ಚೀಲ. ಕಾಲುವೆ ಏರಿಯ ಮೇಲೆ ಇಬ್ಬರೂ ನಡೆದರು. ಅವನು ಏನಾದರೂ ಹೇಳಬೇಕೆಂದುಕೊಂಡ, ಅವಳೇ ಹೇಳಿದಳು. “ಸಾ, ಆ ಪ್ರೋಗ್ರಾಂ ಬೇರೆಯೋರ ಫೋನಲ್ಲೂ ಐತೆ. ನುಗ್ಗೇಹಳ್ಳಿ ರೂಪಶ್ರೀ, ನನ್ನ ಪಕ್ಕ ಕೂರ್ತಾಳಲ್ಲ, ಅವ್ಳು ಅವ್ರ ಮಾವನಿಗೆ ಕಳ್ಸವ್ಳೆ. ರಾಗಿಗೆ ಔಸ್ದಿ ಒಡೆಯೋ ಟೈಮು. ನಾಳೆ ಕ್ಲಾಸ್ ತನಕ ಬ್ಯಾಡ, ಇವತ್ತೇ ಗ್ರೂಪಿಗೆ ಆಕಿ.” ಅವನಿಗೆ ಇದು ಹೊಳೆದೇ ಇರಲಿಲ್ಲ. ನಾಲ್ಕು ದಿನ ತನ್ನ ನಾಚಿಕೆಯನ್ನೇ ಮಗ್ಗುಲು ಬದಲಾಯಿಸಿ ನೋಡುತ್ತಿದ್ದವನಿಗೆ ಬೇರೆಯವರ ಹೊಲ ನೆನಪಾಗಿರಲಿಲ್ಲ. “ಹಾಕ್ತೀನಿ,” ಅಂದ.

ಸ್ಟಾಪಿನಲ್ಲಿ ನಿಂತಾಗ ತಡೆಯಲಾಗದೆ ಕೇಳಿದ. “ನೀನು ನನ್ನ ಕೇಳಿದ್ದು, ನಾನು ಹೂಂ ಅಂದಿದ್ದು, ಮನೇಲಿ ಹೇಳಿದ್ಯಾ?”

“ಅವತ್ತೇ ಹೇಳ್ದೆ ಸಾ. ನಿನ್ನ ತಪ್ಪನ್ನ ಮೇಷ್ಟ್ರ ಮ್ಯಾಲೆ ಎತ್ತಾಕ್ತೀಯಾ ಅಂತ ಅಪ್ಪ ಒಂದು ಕೊಟ್ರು.” ಕೆನ್ನೆ ಮುಟ್ಟಿಕೊಳ್ಳಲಿಲ್ಲ, ದನಿ ಏರಲಿಲ್ಲ. ದೂರದಲ್ಲಿ ಬಸ್ಸು ಕಂಡಿತು, ಚೀಲವನ್ನು ಅವನ ಕೈಗೆ ಕೊಟ್ಟಳು. “ನೀವೇ ಬತ್ತೀನಿ ಅಂದ್ರಲ್ಲ. ಬಂದು ಹೇಳ್ತೀರ ಅಂದ್ಕಂಡಿದ್ದೆ.”

ಬಸ್ಸು ನಿಂತಿತು, ಅವನು ಹತ್ತಿದ. ಹತ್ತದೆ ಹಿಂದಕ್ಕೆ ನಡೆಯಬಹುದಿತ್ತು, ಗದ್ದೆ ಅಲ್ಲೇ ಇತ್ತು. ಕಂಡಕ್ಟರು “ಮುಂದೆ ಹೋಗಿ ಸಾರ್” ಅಂದ, ಇವನು ಮುಂದೆ ಹೋದ. ಸೀಟಿನಲ್ಲಿ ಕೂತು ಫೋನು ತೆಗೆದು ಕ್ಲಾಸಿನ ಗ್ರೂಪಿಗೆ ಬರೆದ: ಕಳೆ ಔಷಧಿಯ ಪ್ರೋಗ್ರಾಮನ್ನು ಯಾರೂ ಬಳಸಬೇಡಿ, ಮನೆಯವರಿಗೆ ಕೊಟ್ಟಿದ್ದರೆ ಈಗಲೇ ಫೋನ್ ಮಾಡಿ ತಡೆಯಿರಿ, ಗುಂಟೆಯನ್ನು ನಲವತ್ತರಿಂದ ಭಾಗಿಸಿ ಕೊಡಬೇಕು, ಇಲ್ಲದಿದ್ದರೆ ಅಳತೆ ತಪ್ಪುತ್ತದೆ. ಯಾರ ತಪ್ಪೆಂದು ಬರೆದ, ಅಳಿಸಿದ, ಕಳಿಸಿದ. ಓಕೆ ಸರ್‌ಗಳು ಸಾಲಾಗಿ ಬಂದವು. ನಡುವೆ ರೂಪಶ್ರೀಯ ಒಂದು ಸಾಲು: ಇದನ್ನ ಬಿಂದು ಅವತ್ತೇ ಕೇಳಿದ್ದಳಲ್ಲ ಸರ್, ನೀವು ಹೂಂ ಅಂದಿರಿ. ರಜನೀಶ ಫೋನನ್ನು ಮಗುಚಿ ತೊಡೆಯ ಮೇಲಿಟ್ಟ. ಹೌದು, ಅರವತ್ತು ಜನ ಕೇಳಿಸಿಕೊಂಡಿದ್ದರು, ನಕ್ಕೂ ಇದ್ದರು. ಇಡೀ ಕ್ಲಾಸಿಗೆ ಗೊತ್ತಿದ್ದದ್ದನ್ನು ಅವನು ಒಂದು ಮನೆಯಲ್ಲಿ ಬಚ್ಚಿಟ್ಟು ಬಂದಿದ್ದ. ಮತ್ತೆ ತಿರುಗಿಸಿ ನೋಡಿದಾಗ ಕೆಳಗೆ ಬಿಂದುಶ್ರೀ ಬರೆದಿದ್ದಳು: ಇರಲಿ ಬಿಡೆ, ಸರ್ ಇವತ್ತು ನಮ್ಮ ಮನೆಗೇ ಬಂದು ತಪ್ಪು ನನ್ನದು ಅಂತ ಅಪ್ಪನ ಹತ್ರ ಹೇಳಿದರು. ಅದು ಸುಳ್ಳಾಗಿರಲಿಲ್ಲ. ಅದರ ಕೆಳಗೆ ಕೈ ಮುಗಿಯುವ ಚಿತ್ರಗಳು ಒಂದರ ಹಿಂದೆ ಒಂದು ಬರತೊಡಗಿದವು, ಗ್ರೇಟ್ ಸರ್, ಯಾರು ಹೀಗೆ ಬರ್ತಾರೆ ಸರ್. ಎರಡನೇ ಸಲ ಅದೇ ಮಾತಿಗೆ ಅವನಿಗೆ ನಮಸ್ಕಾರ ಸಿಗುತ್ತಿತ್ತು. ಮೈಯೆಲ್ಲ ಚುಚ್ಚಿದಂತಾಗಿ, ಇನ್ನು ಒಂದು ಕೈ ಬಂದರೂ ತಾಳಲಾರೆನೆನಿಸಿ, ಕೃಷ್ಣಪ್ಪನ ನಂಬರು ಒತ್ತಿದ.

“ಸೀಟು ಸಿಕ್ತಾ ಸಾ?” ಅಂದ ಕೃಷ್ಣಪ್ಪ. ಹಿಂದೆ ಆಳುಗಳ ಮಾತು, ಕೆಸರಿನ ಸದ್ದು ಕೇಳುತ್ತಿತ್ತು.

“ಸಿಕ್ತು. ಒಂದು ಮಾತು ಹೇಳದೆ ಬಂದುಬಿಟ್ಟೆ. ಐದು ಗುಂಟೆನ ಹಾಗೆ ಒತ್ತಬಹುದಾ ಅಂತ ಬಿಂದುಶ್ರೀ ಕ್ಲಾಸಲ್ಲಿ ನನ್ನ ಕೇಳಿದ್ಲು. ಎರಡು ಸಲ ಕೇಳಿದ್ಲು. ನಾನು ಹೂಂ ಅಂದೆ. ಅವಳು ನಿಮಗೆ ಹೇಳಿದ್ದು ನಿಜ.”

ಲೈನು ಕಟ್ಟಾಯಿತೇನೋ ಎಂದು ರಜನೀಶ ಫೋನು ನೋಡಿಕೊಂಡ, ಆಗಿರಲಿಲ್ಲ.

“ಅವ್ಳನ್ನ ಉಳ್ಸಕ್ಕೆ ಅಂತ ಇಂಗಂತಿಲ್ಲ ತಾನೇ ಸಾ?”

“ಇಲ್ಲ.”

“ನಮ್ಮ ಮನೇಲೇ ಕೂತಿದ್ರಲ್ಲ ಸಾ.” ಬೈಗುಳವಾಗಿರಲಿಲ್ಲ ಅದು. ನಡೆದದ್ದನ್ನು ಸರಿಯಾಗಿ ಜೋಡಿಸಿಕೊಳ್ಳುತ್ತಿದ್ದ ಹಾಗಿತ್ತು. ಆಮೇಲೆ ಆಳುಗಳಿಂದ ದೂರ ಸರಿದನೇನೋ, ದನಿ ತಗ್ಗಿತು. “ನಾನು ಒಡ್ದೆ ಸಾ ಅವ್ಳಿಗೆ. ಬೆಳೆದ ಮಗಳು. ಅವ್ವನ ಮುಂದೆ ಒಡ್ದೆ. ಸುಳ್ಳು ಯೋಳ್ತೀಯಾ ಅಂತ.”

ಪಕ್ಕದ ಸೀಟಿನ ಹೆಂಗಸು ಬಾಳೆಹಣ್ಣಿನ ಚೀಲವನ್ನು ತನ್ನ ಕಡೆಯಿಂದ ಅವನ ಕಡೆಗೆ ಮೆಲ್ಲಗೆ ಸರಿಸಿದಳು.

“ಅಗೋ ಬತ್ತಾವ್ಳೆ, ಏರಿ ಮ್ಯಾಲೆ,” ಅಂದ ಕೃಷ್ಣಪ್ಪ. “ಈಗ ನಾನು ಏನಂತ ಮಾತಾಡ್ಸ್ಲಿ ಸಾ?”

ಮಧ್ಯಾಹ್ನ ಬುದ್ಧಿ ಹೇಳಿದ ಬಾಯಲ್ಲೇ, ನನಗೆ ಗೊತ್ತಿಲ್ಲ ಅಂದ. ಅದು ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಕೃಷ್ಣಪ್ಪ ಫೋನು ಆರಿಸಲಿಲ್ಲ, ಕೈಯಲ್ಲಿ ಹಾಗೇ ಇಳಿಬಿಟ್ಟಿರಬೇಕು. ನೀರಿನ ಸದ್ದು, ಯಾರೋ ಕೆಮ್ಮಿದ್ದು, ಗಾಳಿ. ರಜನೀಶ ಕಿವಿಗೆ ಒತ್ತಿ ಹಿಡಿದುಕೊಂಡೇ ಕೂತ. ಬಹಳ ಹೊತ್ತಾದ ಮೇಲೆ ದೂರದಿಂದ, ಕೂಗಲೂ ಆಗದೆ ಮೆಲ್ಲಗೆ ಹೇಳಲೂ ಆಗದೆ ಬಂದ ಆ ಅಪ್ಪನ ದನಿ ಕೇಳಿಸಿತು.

“ನೀನು ಉಂಡೇನವ್ವ?”

ಅವಳು ಉಂಡಿರಲಿಲ್ಲ. ಅಷ್ಟು ಹೊತ್ತೂ ಬಡಿಸುತ್ತಿದ್ದವಳು, ಹಾಗೇ ಬಸ್ಸಿಗೆ ಬಿಡಲು ಬಂದಿದ್ದಳು. ರಜನೀಶನಿಗೆ ಅದು ಈಗ ಗೊತ್ತಾಯಿತು. ಮಗಳು ಏನಂದಳೆಂದು ಕೇಳಿಸುವ ಮೊದಲೇ ಲೈನು ಹೋಯಿತು.